ಹಿಂದಿನ ಸೀಟಿನ ವಿಮೆ

ಒಮ್ಮೆ ಬಿದ್ದ ಮೇಲೆ ನಾಲ್ಕು ವರ್ಷ ಮೂಲೆಗೆ ನಿಲ್ಲಿಸಿದ್ದ ಬೈಕನ್ನು ಮತ್ತೆ ಹತ್ತಲು ಹೊರಟವರು ವಿಮೆಯನ್ನೂ ಸಂತೆಯ ಬದನೆಕಾಯಿಯಂತೆ ಚೌಕಾಸಿ ಮಾಡುತ್ತಾರೆ ಎಂಬುದು ಪಿ.ಜೆ. ಬಡಾವಣೆಯ ವಿಮಾ ಏಜೆಂಟ್ ನೇತ್ರಾವತಿಗೆ ಹರಿಹರದ ಮಾಲತೇಶಪ್ಪನಿಂದಲೇ ತಿಳಿದದ್ದು. ವಾರಕ್ಕೆ ಮೂರು ಸಲ ಬಸ್ಸಿನಲ್ಲಿ ಬಂದು, ಕುರ್ಚಿಯ ತುದಿಯಲ್ಲಿ ಕೂತು, "ನೋಡವ್ವ, ನಾಕು ವರ್ಷದಾಗೆ ನನ್ ಗಾಡಿ ಯಾರಿಗೂ ಗುದ್ದಿಲ್ಲ, ಕಮ್ಮಿ ಮಾಡು" ಎನ್ನುತ್ತಿದ್ದ. "ಗಾಡಿ ಮನೆ ಬಿಟ್ಟು ಹೊರಗೇ ಬಂದಿಲ್ಲಲ್ರಿ" ಎಂದರೆ, "ಅದನ್ನೇ ನಾನೂ ಹೇಳ್ತಿರೋದು" ಎನ್ನುತ್ತಿದ್ದ. ಹಳೇ ವಿಮೆಯ ಅವಧಿ ಮುಗಿದಿದ್ದರಿಂದ ಗಾಡಿಯ ಫೋಟೊ ಬೇಕೆಂದು ಅವಳು ಕೇಳಿದಾಗ ಬೈಕು ತೊಳೆದು, ವಿಭೂತಿ ಬಳಿದು, ಮದುಮಗನಂತೆ ಹಾರ ಹಾಕಿ ನಿಲ್ಲಿಸಿದ. ನಂಬರ್ ಪ್ಲೇಟು ಚೆಂಡುಹೂವಿನಡಿ ಮುಚ್ಚಿಹೋಗಿ ಫೋಟೊ ಮತ್ತೆ ತೆಗೆಯಬೇಕಾಯಿತು. ಕೊನೆಗೆ ಎಲ್ಲಕ್ಕಿಂತ ಅಗ್ಗದ ಪಾಲಿಸಿಗೆ ಒಪ್ಪಿದ. ಕಳವಿನದು ಬ್ಯಾಡ, ಜಖಮ್ಮಿನದು ಬ್ಯಾಡ ಎಂದು ಒಂದೊಂದನ್ನೇ ಹೊಡೆದುಹಾಕಿಸಿದವನು, ಹಿಂದೆ ಕೂರುವವರ ಅಪಘಾತ ವಿಮೆಗೆ ಬಂದಾಗ ಮಾತ್ರ ಎಷ್ಟಾಗುತ್ತದೆ ಎಂದೇ ಕೇಳಲಿಲ್ಲ. "ಅದು ಇರ್ಲವ್ವ. ಅವತ್ತು ಬಿದ್ದೋಳು ನನ್ ಹೆಂಡ್ತಿ, ತಿಮ್ಮವ್ವ. ಕಾಲು ಈಗ ನೆಟ್ಟಗಾಗೈತೆ. ಉಕ್ಕಡಗಾತ್ರಿ ಗುಡಿಗೆ ಹೋಗಾಕೆ ಬಸ್ಸು ಬ್ಯಾಡ, ನಿಮ್ ಹಿಂದೇನೇ ಕುಂತ್ಕಂತೀನಿ ಅಂದ್ಲು."