ಗುಡ್ಡ ಕ್ಲೀನ್ ಮಾಡಲು ಹೋದ ಏಳು ಮಂದಿ

ಕಳೆದ ಮಳೆಗಾಲದಲ್ಲಿ ನಾನೊಂದು ಗುಡ್ಡವನ್ನು ಉದ್ಧಾರ ಮಾಡಲು ಹೋಗಿದ್ದೆ. ಗುಡ್ಡ ಕೇಳಿರಲಿಲ್ಲ.

ಬುಕ್ಕಾಪಟ್ಟಣದ ಆಚೆ ಗೆಳೆಯ ರುದ್ರೇಶನದೊಂದು ಕಲ್ಲುಗುಡ್ಡವಿದೆ. ಅಲ್ಲಿ ಕಾಡು ಬೆಳೆಸುವುದೆಂದು ನಾವು ಏಳು ಮಂದಿ ಹಳೆಯ ಸಹಪಾಠಿಗಳು ತೀರ್ಮಾನಿಸಿದೆವು. (ಎಲ್ಲರಿಗೂ ಮಂಡಿನೋವು. ಉತ್ಸಾಹಕ್ಕೆ ಮಂಡಿ ಇಲ್ಲವಲ್ಲ!) ಆಟೋ ತುಂಬ ನೇರಳೆ ಸಸಿ, ತಲೆಗೆ ಒಂದೇ ಬಣ್ಣದ ಕ್ಯಾಪ್. ಮೊದಲು ‘ಕ್ಲೀನಿಂಗ್’ ಎಂದು ಕುರುಚಲು ಗಿಡ ಕೀಳತೊಡಗಿದೆವು.

ಮೇಕೆ ಮೇಯಿಸುತ್ತಿದ್ದ ಹನುಮಕ್ಕ ಬಂದು ನಿಂತರು. ಅರವತ್ತು ದಾಟಿದ ಹೆಂಗಸು.

“ಏನ್ ಸಾಮಿ, ಕಾಡು ನೆಡಾಕ್ ಬಂದಿದೀರೋ, ಕೀಳಾಕ್ ಬಂದಿದೀರೋ?”

“ಇದು ಕಾಡಲ್ಲ ಕಣಮ್ಮ, ಬರೀ ಪೊದೆ,” ಎಂದ ರುದ್ರೇಶ.

“ಪೊದೆನಾ? ಅದು ಬಂದರಿಕೆ, ಇದು ತಂಗಡಿ, ಅಗೋ ಅದು ಜಾಲಾರಿ. ಈ ಕಲ್ಲಲ್ಲಿ ಬೇರು ಬುಡೋದು ಅವೇಯ. ನಂಬಿಕೆ ಇಲ್ದಿದ್ರೆ ಒಂದು ಮೊಳ ಅಗೀರಿ ನೋಡಾನ.”

ಅಗೆದೆ. ಗೇಣು ಇಳಿಯುವಷ್ಟರಲ್ಲಿ ಗುದ್ದಲಿ ಠಣ್ ಎಂದಿತು. ಎಂಥ ಅವಮಾನ!

ಹನುಮಕ್ಕ ನಮ್ಮನ್ನು ಕೆಳಗಿನ ಹಳ್ಳಕ್ಕೆ ಕರೆದೊಯ್ದರು. ಇನ್ನೂರು ಹೆಜ್ಜೆ ಇದ್ದೀತು. ಗಿಡಗಳೇ ಬೇರೆ! ಹೊಂಗೆ, ಅತ್ತಿ, ಕೈಗೆ ಮೆತ್ತುವ ಮಣ್ಣು.

“ಮ್ಯಾಲಿನ ಮಣ್ಣೆಲ್ಲ ಮಳೆನೀರಲ್ಲಿ ಇಲ್ಗೇ ಬತ್ತದೆ. ನೇರಳೆ ಇಲ್ಲಿ ನೆಡಿ. ಅಲ್ಲಿ ನೆಟ್ರೆ ಒಣಗೋಯ್ತದೆ.”

ನಮ್ಮ ಜಿಲ್ಲೆಯಲ್ಲೇ ಕೊರಟಗೆರೆ ಕಡೆ ಗುಡ್ಡದ ಸಂದಿನಲ್ಲಿ ದಟ್ಟ ಮರ, ಪಾವಗಡದ ದಾರಿಯಲ್ಲಿ ಬಂಡೆ ಮತ್ತು ಮುಳ್ಳು. ಎಷ್ಟು ವರ್ಷ ಬಸ್ಸಿನ ಕಿಟಕಿಯಿಂದ ನೋಡಿ, “ಈ ಕಡೆಯವರು ಗಿಡ ನೆಡುವುದಿಲ್ಲ” ಎಂದು ಗೊಣಗಿಲ್ಲ ನಾನು? ಕಾಲಡಿ ಏನಿದೆ ಎಂದು ಒಮ್ಮೆಯಾದರೂ ಇಳಿದು ನೋಡಿದ್ದೆನೇ?

ಆದರೂ ಹನುಮಕ್ಕನ ಮಾತು ಕೇಳಿ ಹಳ್ಳದಲ್ಲಿ ನೆಟ್ಟವರು ಮೂವರೇ. ಉಳಿದ ನಾಲ್ವರು, ನನ್ನನ್ನೂ ಸೇರಿಸಿ, ಹಠಕ್ಕೆ ಮೇಲೆಯೇ ನೆಟ್ಟೆವು. (ವ್ಯೂ ಚೆನ್ನಾಗಿತ್ತು.)

ಸಂಕ್ರಾಂತಿ ಕಳೆದ ಮೇಲೆ ಒಬ್ಬನೇ ಹೋದೆ. ಹಳ್ಳದ ಸಸಿಗಳು ಮಂಡಿಯೆತ್ತರ ದಾಟಿದ್ದವು. ಮೇಲಿನವು? ಕಡ್ಡಿ. ಅವುಗಳ ಪಕ್ಕದಲ್ಲಿ, ನಾವು ಕೀಳದೆ ಉಳಿಸಿದ್ದ ಒಂದು ತಂಗಡಿ ಮೈತುಂಬ ಹಳದಿ ಹೂ ಬಿಟ್ಟಿತ್ತು. ನಿಜಕ್ಕೂ ನಾಚಿಕೆಯಾಯಿತು.

ಮೇಕೆಗಳ ಹಿಂದೆ ಹನುಮಕ್ಕ ಸಿಕ್ಕರು. “ತಪ್ಪಾಯ್ತು ಕಣಕ್ಕ,” ಎಂದೆ.

“ನಂಗ್ಯಾಕ್ ಯೋಳ್ತೀರಾ? ಸತ್ತೋದ್ ಗಿಡಕ್ ಯೋಳಿ,” ಎಂದು ನಡೆದೇಬಿಟ್ಟರು.

ತಂಗಡಿಯ ಫೋಟೊ ತೆಗೆದು ಸಹಪಾಠಿಗಳ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದೆ. ಅರ್ಧ ಗಂಟೆಯಲ್ಲಿ ಐದು ಮೆಸೇಜ್: “ಸೂಪರ್! ನಮ್ಮ ನೇರಳೆ ಹೂ ಬಿಟ್ಟಿದೆ!”

ನಮ್ಮಂಥವರ ಕೈಗೆ ಗುದ್ದಲಿ ಕೊಟ್ಟವರು ಯಾರು?