ಆರಕ್ಕೆ ನಿಲ್ಲುವ ಕೈ

ಮಿಂಡಾಳ ವಿಷಯ ಯಾರಾದರೂ ಕೇಳಿದರೆ ನಾನು ಮೊದಲು ಬೈಯುತ್ತೇನೆ, ಆಮೇಲೆ ಹೇಳುತ್ತೇನೆ. ಹಟಮಾರಿ ಹೆಂಗಸು. ಹಿಡಿದದ್ದನ್ನು ಬಿಡುವುದಿಲ್ಲ, ಒಳ್ಳೆಯ ಮಾತು ಹೇಳಿದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ. ನಾನು ದಾನಾವ್ ಊರಿನವನು. ವಾರವೆಲ್ಲ ಬಂದೂಕು ರಿಪೇರಿ ಮಾಡಿ, ಭಾನುವಾರ ಕಲ್ಲುಗಣಿಯ ಶೂಟಿಂಗ್ ರೇಂಜಿನಲ್ಲಿ ಟೈಮರ್ ಹಿಡಿದು ನಿಲ್ಲುವುದು ನನ್ನ ಕೆಲಸ. ಎಷ್ಟೋ ಮೊಂಡರನ್ನು ನೋಡಿದ್ದೇನೆ, ಇವಳಂಥವಳು ಸಿಗಲಿಲ್ಲ.

ಪೂರ್ತಿ ಹೆಸರು ಲುಸ್ವಿಮಿಂಡಾ ಬಾತುಕಾನ್. ಸೇತುವೆಯ ಹತ್ತಿರದ ಗಿರವಿ ಅಂಗಡಿಯ ಬಾಗಿಲಲ್ಲಿ ಗಾರ್ಡ್. ಬಂದವರಿಗೆ ಬಾಗಿಲು ತೆಗೆದು "ಗುಡ್ ಮಾರ್ನಿಂಗ್ ಮ್ಯಾಮ್, ಗುಡ್ ಮಾರ್ನಿಂಗ್ ಸರ್" ಅನ್ನುವುದು, ಪುಟ್ಟ ಕೋಲಿನಿಂದ ಅವರ ಚೀಲದೊಳಗೆ ಕೆದಕಿ ನೋಡುವುದು, ಮತ್ತೆ ನಿಂತುಕೊಳ್ಳುವುದು. ಇಪ್ಪತ್ತು ವರ್ಷಕ್ಕೂ ಮೇಲೆ ಹೀಗೇ. ಸೊಂಟದಲ್ಲಿ ಏಜೆನ್ಸಿಯವರು ಕೊಟ್ಟ ಆರು ಗುಂಡಿನ ರಿವಾಲ್ವರ್. ದೇವರ ದಯೆ, ಕೆಲಸದಲ್ಲಿ ಒಮ್ಮೆಯೂ ಅದನ್ನು ಹಾರಿಸುವ ಹೊತ್ತು ಬರಲಿಲ್ಲ. ಆದರೆ ನಿಂತು ನಿಂತು ಬಲ ಮೊಣಕಾಲು ಊದಿಕೊಂಡಿತ್ತು. ಗಾರ್ಡ್‌ಗೆ ಕುರ್ಚಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ.

ಆ ವರ್ಷ ಅವಳ ಏಜೆನ್ಸಿಯ ಮೇಜರ್ ಅಬೆಲಾರ್ದೊ ಒಂದು ಮಾತು ಹೊರಡಿಸಿದರು. ಹೆಂಗಸು ಗಾರ್ಡ್‌ಗಳಿಗೆ ಗುರಿ ಕಲಿಸಲು ಒಬ್ಬಳು ಬೇಕು. ಊರ ಹಬ್ಬದ ದಿನ, ಫಿಯೆಸ್ಟಾದಲ್ಲಿ, ನಡೆಯುವ ಗುರಿ ಪಂದ್ಯದಲ್ಲಿ ಯಾವ ಬಗೆಯ ಆಟದಲ್ಲಾದರೂ ಸರಿ, ನಮ್ಮ ಗಾರ್ಡ್‌ಗಳಲ್ಲಿ ಮೊದಲ ಬಹುಮಾನ ತಂದವಳಿಗೆ ಆ ಕೆಲಸ. ಮೇಜು, ಫ್ಯಾನು, ಕುರ್ಚಿ.

"ಕುರ್ಚಿ, ನೋಯ್!" ಅಂದಳು ಅವಳು ನನ್ನ ಅಂಗಡಿಗೆ ಬಂದು. ನಮ್ಮಲ್ಲಿ ಹಿರಿಯ ಗಂಡಸರನ್ನು ಹಾಗೇ ಕರೆಯುವುದು. "ಬೆನ್ನು ಆನಿಸ್ಕೊಳ್ಳೋ ಕುರ್ಚಿ. ನನಗೆ ಅದು ಬೇಕು."

ಬೇಕು ಅಂದಳಲ್ಲ, ಮುಗಿಯಿತು. ಇನ್ನು ಯಾವ ಆಟ ಅನ್ನುವುದೊಂದೇ ಪ್ರಶ್ನೆ. ಹೆಸರು ಕೊಡುವುದು ಒಂದಕ್ಕೇ.

ಸಲಹೆ ಕೊಡಲು ಊರಿಗೆ ಊರೇ ಮುಂದೆ ಬಂತು. ಅವಳ ಚಿಕ್ಕಪ್ಪನ ಮಗ ನೋನೋಯ್‌ಗೆ ತನ್ನ ಪಿಸ್ತೂಲಿನ ಮೇಲೆ ಹೆಂಡತಿಗಿಂತ ಹೆಚ್ಚು ಪ್ರೀತಿ. ಮೇಲೆ ಗಾಜು, ಗಾಜಿನಲ್ಲಿ ಕೆಂಪು ಚುಕ್ಕಿ, ಮೊಣಕೈವರೆಗೆ ಬರುವಂಥ, ಇಪ್ಪತ್ತು ಗುಂಡು ಹಿಡಿಯುವ ಮ್ಯಾಗಜಿನ್. "ಓಟದ ಆಟ ಆಡಿ ಮನಾಂಗ್, ನನ್ನ ಗನ್ ತಗೊಂಡು. ಚುಕ್ಕಿ ಇಡೋದು, ಒತ್ತೋದು, ಅಷ್ಟೇ. ಕುರುಡನೂ ಗೆಲ್ತಾನೆ" ಅಂದ. ಮನಾಂಗ್ ಅಂದರೆ ಅಕ್ಕ. ಓಟದ ಆಟವೆಂದರೆ ಗೋಡೆಯಿಂದ ಗೋಡೆಗೆ, ಕಿಟಕಿಯಿಂದ ಕಿಟಕಿಗೆ ಓಡುತ್ತ, ಕಂಡ ಪ್ರತಿ ರಟ್ಟಿಗೂ ಎರಡೆರಡು ಗುಂಡು ಹೊಡೆಯುವುದು. ಅಂಕವನ್ನು ಸಮಯದಿಂದ ಭಾಗಿಸುತ್ತಾರೆ. ನಿಧಾನವಾದರೂ ಕೆಟ್ಟೆ, ಗುರಿ ತಪ್ಪಿದರೂ ಕೆಟ್ಟೆ.

ಒಂದು ಭಾನುವಾರ ಅವನ ಪಿಸ್ತೂಲನ್ನೇ ಹಿಡಿಸಿ ನಿಲ್ಲಿಸಿದೆವು. ಟೈಮರ್ ಕೂಗಿತು. ಮೂರು ರಟ್ಟು, ಆರು ಗುಂಡು, ಎಲ್ಲ ನಟ್ಟನಡುವೆ. ನಾನು ಶಹಬ್ಬಾಸ್ ಅನ್ನುವಷ್ಟರಲ್ಲಿ ಅವಳ ಕೈ ನಿಂತುಬಿಟ್ಟಿತು. ಹೆಬ್ಬೆರಳು ಒತ್ತಿ, ಇನ್ನೂ ತುಂಬಿ ತುಳುಕುತ್ತಿದ್ದ ಮ್ಯಾಗಜಿನ್ನನ್ನು ಧೂಳಿಗೆ ಬೀಳಿಸಿ, ಸೊಂಟದ ಪಟ್ಟಿ ತಡಕಾಡತೊಡಗಿದಳು. ಹಿಂದೆ ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಇನ್ನೊಮ್ಮೆ ಮಾಡಿಸಿದೆ. ಮತ್ತೆ ಆರಕ್ಕೆ ಕೈ ನಿಂತಿತು, ಮತ್ತೆ ಮ್ಯಾಗಜಿನ್ ಮಣ್ಣುಪಾಲು.

"ಅಯ್ಯೋ ನನ್ನ ಮ್ಯಾಗಜಿನ್!" ನೋನೋಯ್ ಓಡಿ ಬಂದು ಅಂಗಿಯಲ್ಲಿ ಅದನ್ನು ಒರೆಸಿದ. "ಗನ್ ಸರಿ ಇಲ್ಲ ಅಂತ ಮಾತ್ರ ಹೇಳ್ಬೇಡಿ ಮನಾಂಗ್. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ."

"ಗನ್ ಚೆನ್ನಾಗೇ ಇದೆ ಕಣೋ. ಕೈಗೆ ಆರೇ ಗೊತ್ತು. ಇದಕ್ಕೆ ಈ ವಯಸ್ಸಲ್ಲಿ ಇಪ್ಪತ್ತರ ಮಗ್ಗಿ ಕಲಿಸೋಕಾಗಲ್ಲ."

ಗಾರ್ಡ್‌ಗಳೆಲ್ಲರಿಗೂ ಇದೇ ರೋಗ. ಆರು ಹಾರಿಸು, ಖಾಲಿ ಮಾಡು, ತುಂಬು ಎಂದು ತರಬೇತಿಯಲ್ಲಿ ಮೂಳೆಗೆ ಇಳಿಸಿಬಿಟ್ಟಿರುತ್ತಾರೆ.

ಎರಡನೆಯದು ಮರೆಯ ಆಟ. ಮೈಮೇಲೆ ಜಾಕೆಟ್, ಅದರಡಿ ಗನ್, ಪ್ರತಿ ಸಲವೂ ಗೋಡೆಯ ಮರೆಯಲ್ಲಿ ನಿಂತೇ ಹೊಡೆಯಬೇಕು. ಮೈ ಹೊರಗೆ ಕಂಡರೆ ದಂಡ. ಅವಳಿಗೆ ಮೂರು ಸಲ ದಂಡ ಬಿತ್ತು. ಜಾಕೆಟ್ ಬಿಚ್ಚಿ ಬೆಂಚಿನ ಮೇಲೆ ಎಸೆದಳು.

"ಗಿರವಿ ಅಂಗಡಿ ಬಾಗಿಲಲ್ಲಿ ಮರೆ ಎಲ್ಲಿದೆ ನೋಯ್? ಅಲ್ಲಿ ನಾನೇ ಮರೆ. ಒಳಗಿರೋರೆಲ್ಲ ನನ್ನ ಹಿಂದೆ ಅವಿತ್ಕೋತಾರೆ. ನಂಗೆ ಅವಿತ್ಕೊಳ್ಳೋಕೆ ಬರಲ್ಲ."

ಉಳಿದದ್ದು ತಟ್ಟೆಯ ಆಟ. ಒಂದು ಚೌಕದೊಳಗೆ ನಿಂತು ಐದು ಉಕ್ಕಿನ ತಟ್ಟೆಗಳಿಗೆ ಹೊಡೆಯುವುದು. ಓಟವಿಲ್ಲ. ಐದು ತಟ್ಟೆಗೆ ಆರು ಗುಂಡು, ಒಂದು ಕೈತಪ್ಪಿದರೂ ಇನ್ನೊಂದಿದೆ. ಅವಳು ಲೈಸೆನ್ಸ್ ಮಾಡಿಸಿಕೊಂಡು ನನ್ನ ಹತ್ತಿರವೇ ಕೊಂಡಿದ್ದ ಸ್ವಂತ ರಿವಾಲ್ವರ್ ಹಿಡಿದು ಚೌಕದಲ್ಲಿ ನಿಂತಳು ನೋಡಿ! ಟಣ್ ಟಣ್ ಟಣ್ ಟಣ್ ಟಣ್. ಪಿಸ್ತೂಲಿನ ಹೆಂಗಸರಲ್ಲೂ ಅವಳನ್ನು ಮೀರಿಸುವವರು ಯಾರೂ ಇರಲಿಲ್ಲ. ನನ್ನ ಕಣ್ಣಿಗೆ ಆ ಕುರ್ಚಿ ಕಾಣಿಸಿಯೇಬಿಟ್ಟಿತು.

"ಇದೇ ಕಣೆ! ಬರೆಸು ಹೆಸರು" ಅಂದೆ.

ಅವಳು ಗನ್ ಖಾಲಿ ಮಾಡಿ ತೋರಿಸಿ, ಒರೆಯಲ್ಲಿಟ್ಟು, ಕಾಲ ಬುಡದ ಚೌಕವನ್ನೇ ನೋಡುತ್ತ ನಿಂತಳು. "ನೋಯ್, ಇಡೀ ವಾರ ನಾನು ಒಂದೇ ಹಾಸುಗಲ್ಲಿನ ಮೇಲೆ ನಿಂತಿರ್ತೀನಿ. ಉಚ್ಚೆಗೆ ಹೋಗ್ಬೇಕಾದ್ರೂ ಕೇಳ್ಕೊಂಡು ಹೋಗ್ಬೇಕು. ಭಾನುವಾರನೂ ಬಂದು ಇನ್ನೊಂದು ಚೌಕದಲ್ಲಿ ನಿಂತ್ಕೊಳ್ಳೋದಾ? ನಾನು ಓಡ್ಬೇಕು."

"ಆ ಮೊಣಕಾಲಲ್ಲಿ?"

"ಈ ಮೊಣಕಾಲಲ್ಲೇ."

"ರಿವಾಲ್ವರ್ ಹಿಡ್ಕೊಂಡು?"

"ಮತ್ತೇನು, ಪೊರಕೆ ಹಿಡ್ಕೊಂಡಾ?"

ಬೈದೆ. ನಿನ್ನ ಕಾಲ ಮೇಲೆ ನೀನೇ ಕಲ್ಲು ಎಳೆದುಕೊಳ್ಳುತ್ತಿದ್ದೀಯ ಅಂದೆ. ಕುರ್ಚಿ ಬೇಕು ಅಂತೀಯ, ಕುರ್ಚಿ ಇರುವ ಕಡೆಗೆ ಬೆನ್ನು ಹಾಕುತ್ತೀಯ ಅಂದೆ. ಬೆಂಚಿನ ಮೇಲೆ ಕೂತು ಬಾಳೆಎಲೆ ಬಿಚ್ಚಿ ಬುದ್‌ಬುದ್ ಅನ್ನುವ ಅಕ್ಕಿ ಕಡುಬು ತಿನ್ನುತ್ತ ಎಲ್ಲ ಕೇಳಿಸಿಕೊಂಡಳು. ಕೊನೆಗೆ, "ಕುರ್ಚಿನೂ ಬೇಕು, ಓಡಲೂ ಬೇಕು. ಓಡಿ ಹೋಗಿ ಅದರಲ್ಲಿ ಕೂತ್ಕೋತೀನಿ" ಅಂದಳು.

ಇನ್ನೂ ಒಂದು ತೊಡಕಿತ್ತು. ಓಟದ ಆಟದಲ್ಲಿ ರಿವಾಲ್ವರ್‌ನವರಿಗೆ ಬೇರೆ ಸಾಲು. ಗಂಡಸು ಹೆಂಗಸು ಸೇರಿ ಆ ಸಾಲಿನಲ್ಲಿ ಐದು ಜನರಾದರೂ ಇರಬೇಕು. ಇಲ್ಲದಿದ್ದರೆ ಸಾಲೂ ಇಲ್ಲ, ಬಹುಮಾನವೂ ಇಲ್ಲ, ನೋನೋಯ್‌ನಂಥ ಚುಕ್ಕಿ ಪಿಸ್ತೂಲಿನವರ ಜೊತೆ ಹಾಕಿ ಅರೆಯುತ್ತಾರೆ. ಈಗಿನ ಕಾಲದಲ್ಲಿ ರಿವಾಲ್ವರ್ ಹಿಡಿದು ಓಡುವ ಹುಚ್ಚರು ಎಲ್ಲಿ ಸಿಗುತ್ತಾರೆ?

ಅವಳಿಗೆ ಸಿಕ್ಕರು. ಮಧ್ಯಾಹ್ನ ಊಟದ ಬಿಡುವಿನಲ್ಲಿ ತೆಂಗಿನ ಗರಿಯಲ್ಲಿ ಬೇಯಿಸಿದ ಪುಸೊ ಅನ್ನದ ಗಂಟು ಕೈಯಲ್ಲಿ ಹಿಡಿದು ಅಂಗಡಿಯಿಂದ ಅಂಗಡಿಗೆ ಹೋದಳು. ಪೆಟ್ರೋಲ್ ಬಂಕಿನ ಗಾರ್ಡ್, ಮೀನಿನ ಗೋದಾಮಿನ ಗಾರ್ಡ್, ಕೆಲಸದಿಂದ ನಿವೃತ್ತನಾದ ಒಬ್ಬ ಮುದುಕ. ನಾಲ್ಕನೆಯವಳು ಮರಿವಿಕ್, ಇವಳದೇ ಏಜೆನ್ಸಿಯವಳು, ಕಿರಾಣಿ ಮಳಿಗೆಯ ಬಾಗಿಲಲ್ಲಿ ನಿಲ್ಲುವವಳು. ಇಪ್ಪತ್ತೈದರ ಹುಡುಗಿ, ಜಿಂಕೆಯ ಕಾಲು. ಅವಳಿಗೂ ಆ ಕುರ್ಚಿ ಬೇಕಿತ್ತು. ಮುಚ್ಚುಮರೆ ಇಲ್ಲದೆ ಹೇಳಿಯೂ ಬಿಟ್ಟಳು: "ಬರ್ತೀನಿ ಮನಾಂಗ್, ಆದರೆ ಸುಮ್ನೆ ಲೆಕ್ಕ ತುಂಬಿಸೋಕೆ ಬರಲ್ಲ. ಗೆಲ್ಲೋಕೆ ಬರ್ತೀನಿ."

"ಬಾರೆ. ಸೋಲೋಕೆ ಬರೋಳು ನಂಗೂ ಬೇಡ."

ನನ್ನ ಅಂಗಡಿಯಲ್ಲಿದ್ದ ಹಳೆಯ ರಿವಾಲ್ವರ್‌ಗಳನ್ನೆಲ್ಲ ಸರಿಮಾಡಿ ನಾಲ್ವರಿಗೂ ರೇಂಜಿನಲ್ಲಿ ಕೊಟ್ಟೆ. ಮಿಂಡಾ ಅವರಿಗೆ ಪಾಠ ಮಾಡಿದಳು. ಪಿಸ್ತೂಲಿನವರು ಮನಸ್ಸು ಬಂದ ಕಡೆ ಓಡುತ್ತಾರೆ, ನಾವು ಹಾಗಲ್ಲ. ಆರು ಮುಗಿಯುವ ಜಾಗ ಯಾವುದೋ ಅಲ್ಲಿಂದಲೇ ನಮ್ಮ ಓಟ. ಮೂರು ರಟ್ಟು ಮುಗಿಸು, ಹೆಜ್ಜೆ ಕೀಳು, ಓಡುತ್ತಲೇ ಗುಂಡು ಕೂರುವ ಗಾಲಿ ತೆರೆದು ಖಾಲಿ ತೋಟಾ ಉದುರಿಸು, ಆರು ಗುಂಡೂ ಒಟ್ಟಿಗೆ ಇಳಿಸುವ ಲೋಡರ್ ಒತ್ತು, ಕಿಟಕಿಗೆ ತಲುಪುವಷ್ಟರಲ್ಲಿ ಗಾಲಿ ಮುಚ್ಚಿರಬೇಕು. ನಳಿಗೆ ಮಾತ್ರ ಯಾವಾಗಲೂ ರಟ್ಟುಗಳ ಹಿಂದಿನ ಗುಡ್ಡದ ಕಡೆಗೆ. ನೋನೋಯ್‌ನ ಪಿಸ್ತೂಲಿನಲ್ಲಿ ನಗೆಪಾಟಲಾದ ಅದೇ ಕೈ ಇಲ್ಲಿ ಎಲ್ಲರಿಗೂ ತಾಳ ಹಾಕುತ್ತಿತ್ತು. ಮರಿವಿಕ್ ಎಲ್ಲರಿಗಿಂತ ಬೇಗ ಕಲಿತಳು. ನನಗೆ ಹೊಟ್ಟೆ ಉರಿಯಿತು.

"ಹಾವಿಗೆ ಹಾಲೆರೀತಿದೀಯ" ಅಂದೆ.

"ಹಾವಲ್ಲ ನೋಯ್, ನನ್ನನ್ನೂ ಸೇರಿಸಿ ಐದನೆಯವಳು."

ಪಂದ್ಯದ ಬೆಳಿಗ್ಗೆ ಮರಿವಿಕ್‌ಳ ರಿವಾಲ್ವರ್ ಕೈಕೊಟ್ಟಿತು. ಗಾಲಿಯ ನಡುವಿನ ಸಲಾಕೆ ಬಾಗಿ, ಗಾಲಿ ತೆರೆಯಲೂ ಇಲ್ಲ, ತಿರುಗಲೂ ಇಲ್ಲ. ಅಂಗಡಿಗೆ ಒಯ್ದು ಕೂತರೂ ಅರ್ಧ ದಿನದ ಕೆಲಸ. ಬೇರೆ ಗನ್ ನನ್ನಲ್ಲಿರಲಿಲ್ಲ. ಉಳಿದ ಮೂವರ ಗನ್‌ಗಳಿಗೆ ಅವಳ ಲೋಡರ್ ಹೊಂದುತ್ತಿರಲಿಲ್ಲ, ಮಿಂಡಾಳದಕ್ಕೆ ಮಾತ್ರ ಹೊಂದುತ್ತಿತ್ತು. ಹುಡುಗಿ ಕಣ್ಣು ಒರೆಸಿಕೊಳ್ಳುತ್ತ "ನಾನು ಮನೆಗೆ ಹೋಗ್ತೀನಿ" ಅಂದಳು. ಅವಳು ಹೋದರೆ ನಾಲ್ಕೇ ಜನ.

ಮಿಂಡಾಳನ್ನು ಪಕ್ಕಕ್ಕೆ ಎಳೆದೆ. "ಕೇಳು ದಾಯ್, ತಂಗೀ. ಆ ಕಡೆ ತಟ್ಟೆಯ ಆಟ ಇನ್ನೂ ಶುರುವಾಗಿಲ್ಲ. ಹೆಸರು ಬದಲಾಯಿಸೋಕೆ ನಾನು ಮಾತಾಡ್ತೀನಿ. ಮಧ್ಯಾಹ್ನದೊಳಗೆ ನೀನೇ ಮೊದಲು. ಆ ಹುಡುಗೀನೂ ಅಡ್ಡ ಇರಲ್ಲ. ದೇವರೇ ದಾರಿ ತೋರಿಸಿದಾನೆ, ಹೋಗು."

ಅವಳು ಆ ಕಡೆ ನೋಡಿದಳು. ಬಿಸಿಲಲ್ಲಿ ಬಿಳಿ ಬಣ್ಣ ಬಳಿದ ತಟ್ಟೆಗಳು ಸಾಲಾಗಿ ನಿಂತಿದ್ದವು. ಮೊಣಕಾಲನ್ನು ಕೈಯಿಂದ ತಿಕ್ಕಿಕೊಂಡಳು. ಒಪ್ಪಿದಳು ಅಂದುಕೊಂಡೆ, ನನಗೆ ನಿಜವಾಗಿಯೂ ಸಂತೋಷವಾಯಿತು. ಅವಳು ನೇರ ಸೇಫ್ಟಿ ಮೇಜಿಗೆ ಹೋಗಿ, ಗಾಲಿ ತೆರೆದು ಖಾಲಿ ತೋರಿಸಿ, ತನ್ನ ರಿವಾಲ್ವರನ್ನು ಮರಿವಿಕ್‌ಳ ಮುಂದೆ ಇಟ್ಟಳು.

"ಇದರಲ್ಲೇ ಹೊಡಿ. ನೀನು ಮೊದಲು, ಆಮೇಲೆ ನಾನು. ಟ್ರಿಗರ್ ಸ್ವಲ್ಪ ಭಾರ, ತಡೀದೆ ಒಂದೇ ಸಮ ಒತ್ತು. ಅತ್ತಿದ್ದು ಸಾಕು, ಗುರಿ ಮಸುಕಾಗುತ್ತೆ."

ಒಂದೇ ಗನ್‌ನಲ್ಲಿ ಇಬ್ಬರು ಆಡಲು ಪಂದ್ಯದ ಹಿರಿಯರು ಒಪ್ಪಿದರು. ಹೀಗೆ ಇಡೀ ದಿನ ಆ ಒಂದು ರಿವಾಲ್ವರ್ ಅವಳ ಕೈಯಿಂದ ಇವಳ ಕೈಗೆ ಓಡಾಡಿತು. ಒಂದು ಸುತ್ತಿನಲ್ಲಿ ಮರಿವಿಕ್ ಮುಂದೆ, ಇನ್ನೊಂದರಲ್ಲಿ ಮಿಂಡಾ ಮುಂದೆ. ಮರಿವಿಕ್ ವೇಗ, ಮಿಂಡಾ ಗುರಿ. ಕೊನೆಯ ಸುತ್ತಿಗೆ ಬರುವಾಗ ಇಬ್ಬರೂ ಹೆಚ್ಚುಕಡಿಮೆ ಸಮ.

ಆ ಕೊನೆಯ ಸುತ್ತು ಉದ್ದದ್ದು. ಎಡ ಗೋಡೆಯಿಂದ ಬಲತುದಿಯ ಕಿಟಕಿಯವರೆಗೆ ಗಣಿಯನ್ನೇ ದಾಟಬೇಕು. ಮರಿವಿಕ್ ಗಾಳಿಯಂತೆ ಓಡಿ, ಒಂದೆರಡು ಗುಂಡು ಅಂಚಿಗೆ ಹೊಡೆದು ಮುಗಿಸಿದಳು. ಗನ್ ಇನ್ನೂ ಬಿಸಿಯಿರುವಾಗಲೇ ಮಿಂಡಾಳ ಸರದಿ. ಅವಳ ಹಿಂದೆ ನಾನೇ ಟೈಮರ್ ಹಿಡಿದು ನಿಂತಿದ್ದೆ. "ಸ್ಟ್ಯಾಂಡ್‌ಬೈ" ಅಂದೆ. ಗುಂಡಿ ಒತ್ತಿದೆ.

ಆರು. ಓಡಿದಳು. ಖಾಲಿ ತೋಟಾಗಳು ಕಲ್ಲಿನ ಮೇಲೆ ಉದುರಿದವು, ಲೋಡರ್ ಒಳಗೆ ಹೋದದ್ದು ಕಾಣಲೇ ಇಲ್ಲ. ಮತ್ತೆ ಆರು, ಮತ್ತೆ ಓಟ. ಮೂರನೆಯ ಓಟದಲ್ಲಿ ಮೊಣಕಾಲು ಮುರಿದುಕೊಂಡಂತೆ ಒಮ್ಮೆ ಕುಸಿದಳು. ಬಿದ್ದು ನಳಿಗೆ ಹಿಂದೆ ತಿರುಗಿದರೆ ಪಂದ್ಯದಿಂದಲೇ ಹೊರಗೆ. ನಳಿಗೆ ಅಲುಗಲಿಲ್ಲ. ಹಲ್ಲು ಕಚ್ಚಿ ಎದ್ದು, ಕುಂಟುತ್ತ, ಹೌದು ಸ್ವಾಮಿ, ಕುಂಟುತ್ತಲೇ ಓಡಿ ಕಿಟಕಿ ಹಿಡಿದಳು. ಕೊನೆಯ ಆರೂ ನಟ್ಟನಡುವೆ. ರಟ್ಟು ನೋಡಲು ಹೋದವರು ಸುಮ್ಮನೆ ತಲೆ ಆಡಿಸಿದರು. ಅವಳ ಒಂದು ಗುಂಡೂ ಅಂಚಿಗೆ ಹೋಗಿರಲಿಲ್ಲ.

ಆದರೆ ಟೈಮರ್ ನನ್ನ ಕೈಯಲ್ಲಿತ್ತು. ಅದರಲ್ಲಿ ಕಂಡದ್ದನ್ನೇ ಗಟ್ಟಿಯಾಗಿ ಕೂಗಿದೆ. ಆ ಕುಸಿತ ಅವಳ ಕೈಗೆ ಬಂದ ತುತ್ತನ್ನು ಕಿತ್ತುಕೊಂಡಿತ್ತು. ಮರಿವಿಕ್ ಮೊದಲು, ಮಿಂಡಾ ಎರಡನೆಯವಳು, ನಡುವೆ ಕೂದಲೆಳೆಯಷ್ಟು ಅಂತರ. ಮೇಜರ್ ಅಬೆಲಾರ್ದೊ ಕೊಟ್ಟ ಮಾತಿಗೆ ತಪ್ಪುವವರಲ್ಲ. ಕುರ್ಚಿ ಮರಿವಿಕ್‌ಗೆ ಹೋಯಿತು. ವೇದಿಕೆಯ ಮೇಲೆ ಆ ಹುಡುಗಿ ಮಿಂಡಾಳನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಮಿಂಡಾ ಅವಳ ಬೆನ್ನು ತಟ್ಟುತ್ತಿದ್ದಳು. ನನಗೆ ಇಬ್ಬರ ಮೇಲೂ ಸಿಟ್ಟು ಬಂದಿತ್ತು.

ಸೋಮವಾರ ತಡೆಯಲಾರದೆ ಗಿರವಿ ಅಂಗಡಿಗೆ ಹೋದೆ. ಅದೇ ಹಾಸುಗಲ್ಲಿನ ಮೇಲೆ ನಿಂತಿದ್ದಳು. ಮೊಣಕಾಲಿಗೆ ಬಟ್ಟೆ ಸುತ್ತಿತ್ತು. "ಗುಡ್ ಮಾರ್ನಿಂಗ್ ಸರ್" ಅಂದು ಕೋಲು ಚಾಚಿ ನನ್ನ ಚೀಲ ಕೆದಕಿದಳು.

"ಬೇಜಾರಾ?" ಅಂದೆ.

"ಆಗದೆ ಇರತ್ತಾ? ಮನೇಲಿ ಕೂತು ಚೆನ್ನಾಗಿ ಅತ್ತೆ. ಆ ಕುರ್ಚಿ ನಂಗೆ ತುಂಬಾ ಬೇಕಿತ್ತು ನೋಯ್."

"ತಟ್ಟೆ ಹೊಡಿ ಅಂದೆ. ಕೇಳಿದ್ಯಾ? ಇಷ್ಟೊತ್ತಿಗೆ ಕೂತಿರ್ತಿದ್ದೆ."

"ಹೌದು, ಕೂತಿರ್ತಿದ್ದೆ." ಒಬ್ಬ ಹೆಂಗಸು ಬಂದಳು. ಮಿಂಡಾ ಬಾಗಿಲು ತೆಗೆದಳು, ಚೀಲ ನೋಡಿದಳು, ಮತ್ತೆ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ನಗು. "ಆದರೆ ನೀವು ನನ್ನ ಹಿಂದೇನೇ ಇದ್ರಲ್ಲ. ನೋಡಿದ್ರಲ್ಲ, ಹೆಂಗೆ ಓಡ್ದೆ?"

ಹೂಂ, ನೋಡಿದೆ ಅಂದೆ.

"ಭಾನುವಾರ ಬರ್ತೀನಿ. ಆ ಹುಡುಗೀನೂ ಬರ್ತಾಳಂತೆ. ಅವಳ ಗನ್ನಿನ ಸಲಾಕೆ ಬೇಗ ಸರಿ ಮಾಡಿ ಕೊಡಿ ನೋಯ್. ಮುಂದಿನ ಫಿಯೆಸ್ಟಾಗೆ ನನ್ನದು ಕೊಡಲ್ಲ."