ಅಳತೆ ಕಳಿಸಿದ ಹುಡುಗಿ

ಜಮಖಂಡಿಯಲ್ಲಿ ನನ್ನನ್ನು ಮೊದಲು ಮಾತನಾಡಿಸಿದವರು ಬಾಡಿಗೆ ಮನೆಯ ಒಡತಿ ಗಂಗವ್ವ. "ಒಳಗ ಬಾ ಬೇ, ಹೊರಗ್ಯಾಕ ನಿಂತಿ?" ಎಂದರು. ಆ 'ಬೇ' ಕೇಳಿ ನನ್ನ ಮುಖ ಬಿಸಿಯಾಯಿತು. ನಂಜನಗೂಡಿನಲ್ಲಿ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಇಲ್ಲಿ ಅದು ಅವ್ವನನ್ನೂ ಮಗಳನ್ನೂ ಕರೆಯುವ ಸಲುಗೆಯ ಮಾತು ಎಂದು ತಿಳಿಯುವಷ್ಟರಲ್ಲಿ ಒಂದೆರಡು ಸಲ ಬಾಗಿಲು ಹಾಕಿಕೊಂಡು ಅತ್ತಿದ್ದೆ.

ಅಳಲು ಬೇರೆ ಕಾರಣವೂ ಇತ್ತು. ಗಂಡನಿಂದ ಬೇರೆಯಾದಾಗ ಮಗಳು ಸಿಂಚನಾ ಅವನ ಮನೆಯಲ್ಲೇ ಉಳಿದಳು. ನನಗೆ ಸೂರೂ ಇರಲಿಲ್ಲ, ಸಂಪಾದನೆಯೂ ಇರಲಿಲ್ಲ. ಆಮೇಲೆ ಅವಳೊಂದಿಗೆ ಫೋನಿನ ಮಾತನ್ನೂ ಅವನು ನಿಲ್ಲಿಸಿದ. ಹೊಲಿಗೆ ತರಬೇತಿಯ ಗೆಳತಿಯೊಬ್ಬಳು ಜಮಖಂಡಿಯಲ್ಲಿ ಕೆಲಸ ಸಿಗುತ್ತದೆ ಎಂದಳು. ಯಂತ್ರ ಕಟ್ಟಿಕೊಂಡು ಬಂದೆ.

ನಮ್ಮ ಕಡೆಯ ರವಿಕೆ ಇಲ್ಲಿ ಜಂಪರ್. ನಮ್ಮಲ್ಲಿ ಅನ್ನ ಸಾರಿಲ್ಲದೆ ಊಟವಿಲ್ಲ. ಇಲ್ಲಿ ಗಂಗವ್ವ ನನ್ನ ತಟ್ಟೆಗೆ ಬಿಸಿ ಜೋಳದ ರೊಟ್ಟಿ, ಹಿಂಡಿ ಎಂದು ಅವರು ಕರೆಯುವ ಶೇಂಗಾ ಚಟ್ನಿಪುಡಿ ಹಾಕಿ, ನಾನು ತಿನ್ನುವುದನ್ನೇ ನೋಡುತ್ತಾ ಕೂರುತ್ತಿದ್ದರು. ರೊಟ್ಟಿ ಅಭ್ಯಾಸವಾಯಿತು. ಗಿರಾಕಿಗಳು ಮಾತ್ರ ಬರಲಿಲ್ಲ. ಹೊಲಿಯುವ ಕೈಗಳನ್ನು ತೋರಿಸುವ ರೀಲ್ಸ್ ಹಾಕತೊಡಗಿದೆ. ಯಾರೂ ನೋಡಲಿಲ್ಲ.

"ಬರೇ ಕೈ ತೋರಿಸಿದ್ರ ಯಾರ ಬರತಾರ? ಮಾರಿ ತೋರಸ ಬೇ," ಎಂದರು ಗಂಗವ್ವ.

"ನನ್ನ ಮಾತು ಕೇಳಿ ನಗ್ತಾರೆ ಗಂಗವ್ವ."

"ನಗಲಿ ಬಿಡ. ನಕ್ಕಾವ್ರ ನಾಳೆ ಬಂದು ಹೊಲಿಸ್ಕೊಂಡ ಹೋಗ್ತಾರ."

ಮುಖ ತೋರಿಸಿ ಮಾತನಾಡತೊಡಗಿದೆ. ಅವರೆಂದ ಹಾಗೇ ಆಯಿತು. ಬನಹಟ್ಟಿಯ ನೇಕಾರರ ಮನೆಯ ಹೆಣ್ಣುಮಕ್ಕಳು ಸೀರೆ ಹಿಡಿದು ಬಂದರು. ಮುಧೋಳ, ಬೀಳಗಿಯ ಮದುವೆ ಮನೆಗಳಿಂದ ಬಟ್ಟೆಯ ಗಂಟುಗಳು ಬಂದವು. "ರೀಲ್ಸಿನ್ಯಾಗಿನ ಅಕ್ಕಾರು ನೀವ ಏನ್ರಿ?" ಎಂದು ಕೇಳಿದರೆ ಖುಷಿಯಾಗುತ್ತಿತ್ತು. ಆದರೆ ಕ್ಯಾಮೆರಾದ ಮುಂದೆ ನಾನು ಮಾತನಾಡುತ್ತಿದ್ದುದು ಒಬ್ಬಳೊಂದಿಗೆ. ಯಾರದೋ ಫೋನಿನಲ್ಲಾದರೂ ಸಿಂಚನಾ ನನ್ನ ಮುಖ ನೋಡಲಿ ಎಂದು, ಅವಳಿಗಿಷ್ಟವಾದ ಹಳದಿ ಸೀರೆ ಉಟ್ಟು ಕೂರುತ್ತಿದ್ದೆ.

ಒಂದು ಮಧ್ಯಾಹ್ನ, ಹೂವಿನ ಚಿತ್ರವಿದ್ದ ಖಾತೆಯಿಂದ ಸಂದೇಶ ಬಂತು. "ಮೇಡಂ, ಸ್ಕೂಲ್ ಡೇಗೆ ಬ್ಲೌಸ್ ಬೇಕು. ಫ್ರೆಂಡ್ ಮನೆ ಅಡ್ರೆಸ್‌ಗೆ ಕಳಿಸ್ತೀರಾ?" ವಿಳಾಸ ನಂಜನಗೂಡಿನದು. ಅಳತೆಗಳ ಕೆಳಗೆ ಇಷ್ಟು ಬರೆದಿತ್ತು: "ಎಡಭುಜ ಸ್ವಲ್ಪ ತಗ್ಗಿದೆ, ನೋಡಿ ಹೊಲಿಯಿರಿ. ಫೋನ್ ಅಪ್ಪಂದು. ತುಂಬಾ ಮೆಸೇಜ್ ಮಾಡ್ಬೇಡಿ."

ಚಿಕ್ಕವಳಿದ್ದಾಗ ಉಯ್ಯಾಲೆಯಿಂದ ಬಿದ್ದು ಸಿಂಚನಾಳ ಎಡಭುಜ ತಗ್ಗಿತ್ತು. ಅವಳ ಫ್ರಾಕುಗಳನ್ನೆಲ್ಲ ಆ ಅಂದಾಜಿನಲ್ಲೇ ಹೊಲಿದವಳು ನಾನು.

'ಕಂದಾ' ಎಂದು ಟೈಪ್ ಮಾಡಿ ಅಳಿಸಿದೆ. ಅವಳಪ್ಪ ನೋಡಿದರೆ ಈ ದಾರಿಯೂ ಮುಚ್ಚುತ್ತದೆ. "ಆಯ್ತು ಮೇಡಂ, ಕಳಿಸ್ತೀನಿ" ಎಂದು ಬರೆದೆ. ಆಮೇಲೆ ಟೇಪು ಹಿಡಿದು ಆ ಅಳತೆಗಳನ್ನು ಒಂದೊಂದಾಗಿ ನೋಡಿದೆ. ಮಗಳು ದೊಡ್ಡವಳಾಗಿದ್ದಳು. ಆರತಿ ಎತ್ತಿದವರು ಯಾರೋ.

"ಯಾರ ಜಂಪರ್ ಬೇ ಇದು? ಹಿಂಗ್ಯಾಕ ಅಳಾಕತ್ತಿ?" ಹೊಲಿಯುತ್ತಿದ್ದ ನನ್ನನ್ನು ಗಂಗವ್ವ ಕೇಳಿದರು.

"ನನ್ನ ಮಗಳದ್ದು ಗಂಗವ್ವ."

ಅವರು ಪಕ್ಕದಲ್ಲಿ ಬಂದು ಕೂತರು. ಬಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಹುಕ್ಕು ಹಚ್ಚಿಕೊಟ್ಟರು. ಅವಳು ಬೆಳೆದಾಗ ಹೊಲಿಗೆ ಬಿಚ್ಚಿಕೊಳ್ಳಲೆಂದು ಒಳಗೆ ಬಟ್ಟೆ ಧಾರಾಳವಾಗಿ ಬಿಟ್ಟಿದ್ದೆ.

"ಸರಿಯಾಗಿ ಕೂತಿದೆ ಮೇಡಂ. ಮುಂದಿನ ವರ್ಷ ಮತ್ತೆ ಅಳತೆ ಕಳಿಸ್ತೀನಿ" ಎಂದು ಉತ್ತರ ಬಂತು. ಕೆಲವೇ ದಿನಗಳಲ್ಲಿ ಆ ಖಾತೆ ಕಾಣದಾಯಿತು. ನಾನಾಗಿಯೇ ಹೊಲಿದು ಅದೇ ವಿಳಾಸಕ್ಕೆ ಕಳಿಸಿದ ಲಂಗ, ಕಟ್ಟು ಬಿಚ್ಚದೆಯೇ ವಾಪಸು ಬಂತು. ವರ್ಷವೂ ಕಳೆಯಿತು. ಅಳತೆ ಬರಲಿಲ್ಲ.

"ಊರಿಗಿ ಹೊಳ್ಳಿ ಹೋಗ ಬೇ," ಎನ್ನುತ್ತಾರೆ ಗಂಗವ್ವ. "ಅಲ್ಲೇ ಅಂಗಡಿ ಹಾಕು. ದೂರದಿಂದರ ಮಗಳ್ನ ನೋಡ್ತಿ."

ನನಗೂ ಆಸೆಯೇ. ನಂಜನಗೂಡಿನ ಬೀದಿಯಲ್ಲಿ ಅವಳು ಶಾಲೆಗೆ ಹೋಗುವುದನ್ನು ನಿತ್ಯ ನೋಡಬಹುದು. ಆದರೆ ನಾನು ಅವಳಪ್ಪನ ಕಣ್ಣಿಗೆ ಬಿದ್ದ ದಿನದಿಂದ ಅವಳ ಮೇಲೆ ಕಾವಲು ಹೆಚ್ಚುತ್ತದೆ. ಅಲ್ಲಿ ನಾನು ಮನೆ ಬಿಟ್ಟು ಹೋದವಳು. ಇಲ್ಲಿ ಇಷ್ಟು ಕಾಲವಾದರೂ 'ಮೈಸೂರ ಕಡೆಯ ಅಕ್ಕಾರು'. ಆದರೂ ನನ್ನ ರೀಲ್ಸ್ ಪುಟದ ಹೆಸರಿನಲ್ಲಿ ಜಮಖಂಡಿ ಇದೆ, ಅದು ನನ್ನ ಮಗಳಿಗೆ ಗೊತ್ತಿದೆ.

"ಹೋಗಲ್ಲ ಗಂಗವ್ವ," ಎನ್ನುತ್ತೇನೆ. "ಅವಳು ಹುಡುಕಿಕೊಂಡು ಬಂದ್ರೆ ಇಲ್ಲಿಗೇ ಬರೋದು."